ಅರವತ್ತನಾಲ್ಕು ಮತ್ತು ಇಪ್ಪತ್ತೇಳು: ಕನ್ನಡ ನಾಡಿನ ಜೈನ ಗಣಿತದಲ್ಲಿ ಅಪವರ್ತನ ವಿಚಾರ

ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ–ನೆಲಮಂಗಲ ಸೀಮೆಯಲ್ಲಿ ಧರಣೇಂದ್ರ ಪಂಡಿತರೆಂಬ ಜೈನ ವಿದ್ವಾಂಸರ ಬಳಿ ಒಂದು ವಿಲಕ್ಷಣ ಹಸ್ತಪ್ರತಿಯಿತ್ತು. ಅದರ ಹಾಳೆಗಳಲ್ಲಿ ಪದ್ಯಗಳು ಪದ್ಯಗಳಾಗಿ ಕಾಣುತ್ತಿರಲಿಲ್ಲ. ಚೌಕಾಕಾರದ ಮನೆಗಳನ್ನು ಗೆರೆ ಎಳೆದು ಮಾಡಿ, ಪ್ರತಿ ಮನೆಯಲ್ಲಿಯೂ ಒಂದೊಂದು ಅಂಕಿಯನ್ನು ಬರೆಯಲಾಗಿತ್ತು. ಆಯುರ್ವೇದ ಪಂಡಿತರಾದ ಎಲ್ಲಪ್ಪ ಶಾಸ್ತ್ರಿಗಳು ಆ ಗ್ರಂಥದ ಬೆನ್ನುಹತ್ತಿ, ಕೊನೆಗೆ ಮಡದಿಯ ಚಿನ್ನದ ಬಳೆಗಳನ್ನು ಮಾರಿ ಅದನ್ನು ತಮ್ಮದಾಗಿಸಿಕೊಂಡರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಆ ಗ್ರಂಥವೇ ಕುಮುದೇಂದು ಮುನಿಯ ‘ಸಿರಿಭೂವಲಯ’. ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದ ಫಲವಾಗಿ 1953ರಲ್ಲಿ ಅದರ ಮೊದಲ ಭಾಗ ಬೆಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರು ಈ ಕಾರ್ಯದಲ್ಲಿ ಅವರೊಡನಿದ್ದರು. ಹಸ್ತಪ್ರತಿಯ ಮೈಕ್ರೋಫಿಲ್ಮ್ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನು ಸೇರಿತು.

ಸಿರಿಭೂವಲಯದ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಅದು ಜಗತ್ತಿನ ಸಕಲ ವಿದ್ಯೆಗಳನ್ನೂ ಅಡಗಿಸಿಕೊಂಡ ಮಹಾದ್ಭುತ ಎಂಬುದು ಒಂದು. ಅದರ ಕಾಲ, ಕರ್ತೃ, ವ್ಯಾಪ್ತಿ ಎಲ್ಲವೂ ಸಂದೇಹಾಸ್ಪದವಾದ್ದರಿಂದ ಅದನ್ನು ಬದಿಗಿಡಬೇಕೆಂಬುದು ಇನ್ನೊಂದು. ಶ್ರೀಕಂಠಯ್ಯನವರು ಕುಮುದೇಂದುವನ್ನು ಅಮೋಘವರ್ಷ ನೃಪತುಂಗನ ಕಾಲಕ್ಕೆ, ಎಂದರೆ ಒಂಬತ್ತನೆಯ ಶತಮಾನಕ್ಕೆ ಒಯ್ದರು. ಸಾಂಗತ್ಯದ ಬಳಕೆಯನ್ನೂ ಭಾಷೆಯ ರೂಪವನ್ನೂ ಗಮನಿಸಿದ ಇತರರು ಅದನ್ನು ಹಲವು ಶತಮಾನ ಈಚೆಗೆ ತಂದರು. ಈ ವಾದದ ನಡುವೆ ಸಾಹಿತ್ಯದ ವಿದ್ಯಾರ್ಥಿಗೆ ಒಂದು ಸರಳ ದಾರಿ ಉಳಿದಿದೆ. ಗ್ರಂಥವು ಸಂಖ್ಯೆಗಳಲ್ಲಿ ಕಟ್ಟಲ್ಪಟ್ಟಿದೆ; ಸಂಖ್ಯೆಗಳನ್ನು ಪರೀಕ್ಷಿಸಲು ನಂಬಿಕೆಯೂ ಬೇಕಿಲ್ಲ, ಅಪನಂಬಿಕೆಯೂ ಬೇಕಿಲ್ಲ. ಒಂದು ಸಂಖ್ಯೆಯನ್ನು ಯಾವ ಯಾವ ಸಂಖ್ಯೆಗಳು ಶೇಷವಿಲ್ಲದೆ ಭಾಗಿಸುತ್ತವೆ, ಯಾವುದು ಯಾವುದರ ಅಪವರ್ತ್ಯ, ಯಾವುದು ಅವಿಭಾಜ್ಯ ಎಂಬ ಪ್ರಾಥಮಿಕ ಗಣಿತವೇ ಸಾಕು. ಈ ಗಣಿತ ಕನ್ನಡ ನಾಡಿನ ಜೈನ ಪರಂಪರೆಯಲ್ಲಿ ಶತಮಾನಗಳಿಂದ ಬಳಕೆಯಲ್ಲಿದ್ದುದೇ ಆಗಿದೆ.

ಇಪ್ಪತ್ತೇಳರ ಚೌಕ

ಸಿರಿಭೂವಲಯದ ಒಂದೊಂದು ಚಕ್ರದಲ್ಲಿಯೂ ಅಡ್ಡಲಾಗಿ 27, ಉದ್ದಕ್ಕೆ 27 ಮನೆಗಳಿವೆ, ಒಟ್ಟು 729. ಪ್ರತಿ ಮನೆಯಲ್ಲಿರುವುದು 1ರಿಂದ 64ರ ಒಳಗಿನ ಒಂದು ಸಂಖ್ಯೆ. ಆ ಸಂಖ್ಯೆ ಒಂದು ಧ್ವನಿಯನ್ನು ಸೂಚಿಸುತ್ತದೆ. ಮೊದಲ 27 ಸಂಖ್ಯೆಗಳು ಸ್ವರಗಳು. ಮೂಲದಲ್ಲಿ ಒಂಬತ್ತು ಸ್ವರಗಳಿದ್ದು, ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ಭೇದಗಳಿಂದ ಅವು ಇಪ್ಪತ್ತೇಳಾಗುತ್ತವೆ. ಮುಂದಿನ 33 ವ್ಯಂಜನಗಳು, ಕೊನೆಯ 4 ಯೋಗವಾಹಗಳು. ಹೀಗೆ 27, 33, 4 ಸೇರಿ 64.

ಅಂಕಗಳನ್ನು ಅಕ್ಷರವಾಗಿಸಿದ ಮಾತ್ರಕ್ಕೆ ಪದ್ಯ ದೊರೆಯುವುದಿಲ್ಲ. ಮನೆಯಿಂದ ಮನೆಗೆ ಯಾವ ಕ್ರಮದಲ್ಲಿ ಸಾಗಬೇಕೆಂಬುದೇ ‘ಬಂಧ’. ಮೂಲ ಚಕ್ರಬಂಧದಲ್ಲಿ ಓದು ಮೇಲಿನ ಸಾಲಿನ ನಟ್ಟನಡುವಿನ ಮನೆಯಿಂದ ಹೊರಟು ಕರ್ಣದ ದಿಕ್ಕಿನಲ್ಲಿ ನಡೆಯುತ್ತದೆ. ಅಂಚನ್ನು ದಾಟಿದಾಗ ಎದುರಿನ ಅಂಚಿನಿಂದ ಮತ್ತೆ ಒಳಬರುತ್ತದೆ. ಬೆಸ ಸಂಖ್ಯೆಯ ಮಾಯಾಚೌಕಗಳನ್ನು ತುಂಬುವ ಪರಿಚಿತ ನಡೆಯೇ ಇದು. ನವಮಾಂಕ ಬಂಧದಲ್ಲಿ ದೊಡ್ಡ ಚೌಕವನ್ನು ಒಂಬತ್ತು ಚಿಕ್ಕ ಚೌಕಗಳಾಗಿ ವಿಂಗಡಿಸಿ, 9 ಅಡ್ಡಮನೆ 9 ಉದ್ದಮನೆಗಳ ಒಂದೊಂದು ಚೌಕದಲ್ಲಿಯೂ ಅದೇ ನಡೆಯನ್ನು ಅನುಸರಿಸಬೇಕು.

ಇಲ್ಲಿಯೇ ಅಪವರ್ತನದ ಪ್ರಶ್ನೆ ಏಳುತ್ತದೆ. ಚೌಕದ ಬಾಹು 27 ಏಕಾಯಿತು? ಅದು 28 ಆಗಿದ್ದರೆ ಸಾಲಿಗೆ ನಟ್ಟನಡುವಿನ ಮನೆಯೇ ಇರುತ್ತಿರಲಿಲ್ಲ. 27 ಬೆಸವಾದುದರಿಂದ ಹದಿನಾಲ್ಕನೆಯ ಮನೆ ನಡುವೆ ನಿಲ್ಲುತ್ತದೆ. ಅದು 23 ಅಥವಾ 29 ಆಗಿದ್ದರೆ ನಡುಮನೆ ಇರುತ್ತಿತ್ತು, ಆದರೆ ಚೌಕವನ್ನು ಸಮಪಾಲು ಮಾಡಲಾಗುತ್ತಿರಲಿಲ್ಲ. ಏಕೆಂದರೆ ಅವೆರಡೂ ಅವಿಭಾಜ್ಯಗಳು. ಒಂದು ಮತ್ತು ತಾವು ಹೊರತು ಬೇರೆ ಅಪವರ್ತನ ಅವುಗಳಿಗಿಲ್ಲ. ಆದ್ದರಿಂದ ಬಂಧಕಾರನಿಗೆ ಬೇಕಾದ ಸಂಖ್ಯೆ ಬೆಸವೂ ಆಗಿರಬೇಕು, ಅವಿಭಾಜ್ಯ ಆಗಿರಲೂಬಾರದು. 9, 15, 21, 25, 27 ಇವು ಅಂಥವು. ಇವುಗಳಲ್ಲಿ 25ನ್ನು ಮೂರಾಗಿ ಪಾಲು ಮಾಡಲಾಗದು. 15 ಮತ್ತು 21ನ್ನು ಮೂರು ಪಾಲು ಮಾಡಿದರೆ 5, 7 ದೊರೆತು ಅಲ್ಲಿಗೆ ವಿಭಜನೆ ನಿಲ್ಲುತ್ತದೆ. 27 ಮಾತ್ರ 9 ಆಗಿ, ಮತ್ತೆ 3 ಆಗಿ ಒಡೆಯುತ್ತದೆ. ಪ್ರತಿ ಹಂತದಲ್ಲಿಯೂ ಬಾಹು ಬೆಸವಾಗಿಯೇ ಉಳಿದು, ನಡುಮನೆ ಕೈತಪ್ಪುವುದಿಲ್ಲ.

729ರ ಎಲ್ಲ ಅಪವರ್ತನಗಳನ್ನು ಬರೆದರೆ 1, 3, 9, 27, 81, 243, 729 ಎಂಬ ಏಳು ಮಾತ್ರ ದೊರೆಯುತ್ತವೆ. 1ನ್ನು 729ರೊಡನೆ, 3ನ್ನು 243ರೊಡನೆ, 9ನ್ನು 81ರೊಡನೆ ಜೋಡಿಸಿದಾಗ 27 ಒಂಟಿಯಾಗಿ ನಡುವೆ ಉಳಿಯುತ್ತದೆ, ಏಕೆಂದರೆ ಅದರ ಜೋಡಿ ಅದೇ. ಯಾವ ಸಂಖ್ಯೆಯ ಅಪವರ್ತನಗಳ ಎಣಿಕೆ ಬೆಸವಾಗಿರುವುದೋ ಅದು ವರ್ಗಸಂಖ್ಯೆ ಎಂಬ ನಿಯಮ ಇಲ್ಲಿ ಕಣ್ಣಿಗೆ ಕಾಣುವಂತಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಗ್ರಂಥದ ಎಲ್ಲ ಸಂಖ್ಯೆಗಳನ್ನೂ ಹೀಗೆ ಗುಣಲಬ್ಧವಾಗಿ ಕಾಣಲು ಹೊರಟರೆ ದಾರಿ ತಪ್ಪುತ್ತದೆ. ಸಿರಿಭೂವಲಯದಲ್ಲಿ 718 ಭಾಷೆಗಳಿವೆ ಎಂಬ ಮಾತನ್ನೇ ತೆಗೆದುಕೊಳ್ಳಬಹುದು. 718 ಸಮಸಂಖ್ಯೆ, ಅರ್ಧ ಮಾಡಿದರೆ 359. ಇದು ಅವಿಭಾಜ್ಯವೇ ಎಂದು ತಿಳಿಯಲು 358ರವರೆಗಿನ ಎಲ್ಲ ಸಂಖ್ಯೆಗಳಿಂದ ಭಾಗಿಸಬೇಕಿಲ್ಲ. 19ರ ವರ್ಗ 361, ಅದು 359ನ್ನು ಮೀರುತ್ತದೆ. ಒಂದು ಸಂಖ್ಯೆಗೆ ಅಪವರ್ತನಗಳ ಜೋಡಿ ಇದ್ದರೆ ಅದರಲ್ಲಿ ಒಂದಾದರೂ ವರ್ಗಮೂಲವನ್ನು ಮೀರದಂತಿರಲೇಬೇಕು. ಆದ್ದರಿಂದ 2, 3, 5, 7, 11, 13, 17 ಇಷ್ಟರಿಂದ ಭಾಗಿಸಿ ನೋಡಿದರೆ ಸಾಕು. ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು, 359 ಅವಿಭಾಜ್ಯ. ಹಾಗಾದರೆ 718ರಲ್ಲಿ ಚೌಕಕ್ಕೆ ಹೊಂದುವ 3, 9, 27 ಯಾವುದೂ ಇಲ್ಲ. ಅದರ ಹುಟ್ಟು ಬೇರೆ ಕಡೆಯದು. ತೀರ್ಥಂಕರರ ದಿವ್ಯಧ್ವನಿಯು 18 ಮಹಾಭಾಷೆಗಳಲ್ಲಿಯೂ 700 ಕ್ಷುಲ್ಲಕ ಭಾಷೆಗಳಲ್ಲಿಯೂ ಪರಿಣಮಿಸುತ್ತದೆ ಎಂಬ ಆಗಮೋಕ್ತಿಯ ಎರಡು ಸಂಖ್ಯೆಗಳ ಮೊತ್ತ ಅದು. ಚೌಕದ ರಚನೆಯಿಂದ ಬಂದ ಸಂಖ್ಯೆಯನ್ನೂ ಶ್ರದ್ಧೆಯ ಪರಂಪರೆಯಿಂದ ಬಂದ ಸಂಖ್ಯೆಯನ್ನೂ ಬೇರ್ಪಡಿಸಲು ಅಪವರ್ತನದ ಪರೀಕ್ಷೆ ಹೀಗೆ ನೆರವಾಗುತ್ತದೆ.

ಅರ್ಧಚ್ಛೇದ, ತ್ರಿಕಚ್ಛೇದ

ಚಕ್ರದ ಎರಡು ಆಧಾರಸಂಖ್ಯೆಗಳಾದ 64 ಮತ್ತು 729ನ್ನು ಒಟ್ಟಿಗೆ ಇರಿಸಿ ನೋಡಿದರೆ ಒಂದು ಸಾಮ್ಯ ತೋರುತ್ತದೆ. 64ನ್ನು ಆರು ಬಾರಿ ಅರ್ಧಿಸಿದರೆ 1 ಉಳಿಯುತ್ತದೆ. 729ನ್ನು ಆರು ಬಾರಿ ಮೂರರಿಂದ ಭಾಗಿಸಿದರೆ 1 ಉಳಿಯುತ್ತದೆ. ಒಂದು 2ರ ಆರನೆಯ ಘಾತ, ಇನ್ನೊಂದು 3ರ ಆರನೆಯ ಘಾತ.

ಈ ಬಗೆಯ ಎಣಿಕೆಗೆ ಜೈನ ಸಿದ್ಧಾಂತ ಗ್ರಂಥಗಳಲ್ಲಿ ಪಾರಿಭಾಷಿಕ ಪದಗಳೇ ಇವೆ. ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಬಹುದೋ ಆ ಎಣಿಕೆ ಅದರ ‘ಅರ್ಧಚ್ಛೇದ’, ಮೂರರಿಂದ ಎಷ್ಟು ಬಾರಿ ಭಾಗಿಸಬಹುದೋ ಅದು ‘ತ್ರಿಕಚ್ಛೇದ’, ನಾಲ್ಕರಿಂದಾದರೆ ‘ಚತುರ್ಥಚ್ಛೇದ’. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದು 816ರಲ್ಲಿ ಪೂರ್ಣಗೊಳಿಸಿದ ‘ಧವಲಾ’ ಟೀಕೆಯಲ್ಲಿ ಈ ಪರಿಕಲ್ಪನೆಗಳ ವಿಸ್ತಾರವಾದ ಬಳಕೆಯಿದೆ. ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದಾಗ ಕಳೆಯುತ್ತವೆ ಎಂಬ ನಿಯಮವನ್ನು ಆ ಪರಂಪರೆ ಅರಿತಿತ್ತು. ಆಧುನಿಕರು ಲಘುಗಣಕ ಎನ್ನುವ ಎಣಿಕೆಯ ಬೀಜ ಇಲ್ಲಿದೆ ಎಂದು ಗಣಿತದ ಇತಿಹಾಸಕಾರ ಅವಧೇಶ ನಾರಾಯಣ ಸಿಂಹರು ಗುರುತಿಸಿದರು. ಈ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುದು ಕನ್ನಡ ನಾಡಿನ ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ ಎಂಬುದು ಕನ್ನಡಿಗರಿಗೆ ಮರೆಯಲಾಗದ ಸಂಗತಿ. ಆದುದರಿಂದ ಕುಮುದೇಂದು ಯಾವ ಶತಮಾನದವನೇ ಆಗಿರಲಿ, 64 ಮತ್ತು 729ನ್ನು ಆಯ್ದುಕೊಳ್ಳಲು ಬೇಕಾದ ಗಣಿತ ಅವನ ಮಠಪರಂಪರೆಯಲ್ಲಿ ಸಿದ್ಧವಾಗಿಯೇ ಇತ್ತು.

ಮಹಾವೀರಾಚಾರ್ಯರ ಕಂಠಾಭರಣಗಳು

ಸಿದ್ಧಾಂತ ಗ್ರಂಥಗಳಲ್ಲಿ ತತ್ತ್ವಕ್ಕೆ ಅಂಗವಾಗಿದ್ದ ಗಣಿತವನ್ನು ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದವರು ಮಹಾವೀರಾಚಾರ್ಯರು. ಸುಮಾರು 850ರಲ್ಲಿ ರಚಿತವಾದ ಅವರ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಜಗತ್ತಿನ ಗಣಿತಜ್ಞರಿಗೆ ಅದು ತಿಳಿಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದ ಜೈನಮಠದಿಂದ ಹೊರಬಂದಿದೆ.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯರು ಕೊಡುವ ಉದಾಹರಣೆಗಳು ಸಾಮಾನ್ಯವಾದವಲ್ಲ. ಉತ್ತರಗಳು ಎಡದಿಂದಲೂ ಬಲದಿಂದಲೂ ಒಂದೇ ತೆರನಾಗಿರುವಂತೆ ಅವರು ಗುಣ್ಯ–ಗುಣಕಗಳನ್ನು ಆಯ್ದಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಮಣಿಗಳು ಎರಡೂ ಬದಿಗೆ ಸಮನಾಗಿ ಇಳಿಯುವ ಹಾರದಂತಿರುವುದರಿಂದ ಇವುಗಳಿಗೆ ಕಂಠಿಕೆ, ಕಂಠಾಭರಣ ಎಂಬ ಹೆಸರುಗಳು ಸಂದಿವೆ.

ಇವನ್ನು ಓದುಗರನ್ನು ರಂಜಿಸುವ ಲೆಕ್ಕಗಳೆಂದಷ್ಟೇ ಬಗೆಯುವುದುಂಟು. ಆದರೆ ರಚನಕಾರನ ಕಡೆಯಿಂದ ನೋಡಿದರೆ ಇದರ ಶ್ರಮ ತಿಳಿಯುತ್ತದೆ. ವಿದ್ಯಾರ್ಥಿ ಗುಣಿಸುತ್ತಾನೆ, ಆಚಾರ್ಯ ಅದಕ್ಕೆ ಮೊದಲೇ ಅಪವರ್ತಿಸಿರಬೇಕು. ಹಾರವನ್ನು ಮುಂದಿರಿಸಿಕೊಂಡು ಅದು ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಹುಡುಕದೆ ಇಂತಹ ಲೆಕ್ಕವನ್ನು ಕಟ್ಟಲಾಗದು. ಎಂಟು ಒಂದುಗಳ ಸಂಖ್ಯೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳ ಗುಣಲಬ್ಧ. 73ನ್ನು ಹೊರತೆಗೆದು ಉಳಿದ ಮೂರನ್ನು ಗುಣಿಸಿದರೆ ಬರುವುದೇ 152207. ಕೊನೆಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. 12345654321 ಎಂಬುದು ಆರು ಒಂದುಗಳ, ಅಂದರೆ 111111ರ ವರ್ಗ. 111111 ಎಂಬುದು 21 ಮತ್ತು 5291ರ ಗುಣಲಬ್ಧ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಹೀಗೆ ವರ್ಗವೊಂದನ್ನು ಎರಡು ವರ್ಗಗಳಾಗಿ ಒಡೆದು ಪದ್ಯದಲ್ಲಿ ಇರಿಸಲಾಗಿದೆ. ದೊಡ್ಡ ಸಂಖ್ಯೆಗಳ ಭಾಜಕಗಳನ್ನು ಹುಡುಕುವ ಅಭ್ಯಾಸ ರಾಷ್ಟ್ರಕೂಟರ ಕಾಲದ ಕನ್ನಡ ನಾಡಿನಲ್ಲಿ ಇತ್ತೆಂಬುದಕ್ಕೆ ಈ ಹಾರಗಳೇ ಸಾಕ್ಷಿ.

ಅಪವರ್ತ್ಯಗಳ ವಿಷಯದಲ್ಲಿಯೂ ಗಣಿತಸಾರಸಂಗ್ರಹಕ್ಕೆ ವಿಶಿಷ್ಟ ಸ್ಥಾನವಿದೆ. ಭಿನ್ನರಾಶಿಗಳನ್ನು ಕೂಡುವಾಗ ಎಲ್ಲ ಛೇದಗಳನ್ನೂ ಪರಸ್ಪರ ಗುಣಿಸುವುದು ಹಳೆಯ ರೂಢಿ. ಮಹಾವೀರಾಚಾರ್ಯರು ಅದರ ಬದಲು ‘ನಿರುದ್ಧ’ವನ್ನು ಕಂಡುಹಿಡಿಯಲು ಹೇಳುತ್ತಾರೆ: ಛೇದಗಳಲ್ಲಿ ಸಾಮಾನ್ಯವಾಗಿರುವ ಅಪವರ್ತನವನ್ನೂ ಅದರಿಂದ ಭಾಗಿಸಿದಾಗ ಬರುವ ಲಬ್ಧಗಳನ್ನೂ ಗುಣಿಸಬೇಕು. 12 ಮತ್ತು 18 ಛೇದಗಳಾದರೆ ಸಾಮಾನ್ಯ ಅಪವರ್ತನ 6, ಲಬ್ಧಗಳು 2 ಮತ್ತು 3, ನಿರುದ್ಧ 36. ನೇರವಾಗಿ ಗುಣಿಸಿದ್ದರೆ 216 ಬರುತ್ತಿತ್ತು. ಇಂದು ಶಾಲೆಯ ಮಕ್ಕಳು ಲ.ಸಾ.ಅ. ಎಂದು ಕಲಿಯುವುದು ಇದನ್ನೇ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ರಚಿಸಿ ಇಂತಹ ಲೆಕ್ಕಗಳನ್ನು ಕನ್ನಡ ಪದ್ಯಗಳಿಗೆ ತಂದನು.

ಶ್ರುತದ ಅಕ್ಷರಗಳು ಮತ್ತು ಒಂದು ಭಾಗಾಕಾರ

ಸಿರಿಭೂವಲಯದ 64 ಧ್ವನಿಗಳ ಬೇರನ್ನು ಹುಡುಕಿದರೆ ಅದು ಆಗಮಗಳಲ್ಲಿಯೇ ಸಿಗುತ್ತದೆ. ಶ್ರುತಜ್ಞಾನದ ಮೂಲಾಕ್ಷರಗಳು 64 ಎಂಬ ಎಣಿಕೆ ಧವಲಾ ಟೀಕೆಯಲ್ಲಿಯೂ, ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿಯೂ ಇದೆ. ಆ ಎಣಿಕೆಯಿಂದ ಹೊರಟು ನೇಮಿಚಂದ್ರರು ಒಂದು ಮಹಾಗಣನೆಯನ್ನು ಮಾಡುತ್ತಾರೆ. ಪ್ರತಿ ಮೂಲಾಕ್ಷರವೂ ಒಂದು ಸಂಯೋಗದಲ್ಲಿ ಇರಬಹುದು, ಇಲ್ಲದಿರಬಹುದು. ಹೀಗೆ ಎರಡೆರಡು ಆಯ್ಕೆಗಳನ್ನು 64 ಬಾರಿ ಗುಣಿಸಿ, ಯಾವ ಅಕ್ಷರವೂ ಇಲ್ಲದ ಒಂದು ಸಂದರ್ಭವನ್ನು ಕಳೆದರೆ ಸಮಸ್ತ ಸಂಯೋಗಾಕ್ಷರಗಳ ಸಂಖ್ಯೆ ದೊರೆಯುತ್ತದೆ:

1,84,46,74,40,73,70,95,51,615.

ಇದಕ್ಕೆ ಒಂದನ್ನು ಕೂಡಿದ, ಎಂದರೆ 2ರ 64ನೆಯ ಘಾತವಾದ ಸಂಖ್ಯೆಗೆ ‘ಏಕಟ್ಠೀ’ ಎಂದು ಹೆಸರು. 2ರ 16ನೆಯ ಘಾತವಾದ 65,536ಕ್ಕೆ ‘ಪಣ್ಣಟ್ಠೀ’, 32ನೆಯ ಘಾತವಾದ 4,29,49,67,296ಕ್ಕೆ ‘ಬಾದಾಲ’ ಎಂಬ ಹೆಸರುಗಳಿವೆ. ಮೊದಲ ಅಂಕಿಗಳ ಪ್ರಾಕೃತ ರೂಪವೇ ಈ ಹೆಸರುಗಳಿಗೆ ಮೂಲ.

ಮುಂದೆ ಈ ಸಂಖ್ಯೆಯನ್ನು ಒಂದು ಮಧ್ಯಮ ಪದದ ಅಕ್ಷರಗಳಾದ 16,34,83,07,888ರಿಂದ ಭಾಗಿಸಬೇಕು. ಭಾಗಲಬ್ಧ 1,12,83,58,005, ಇದು ದ್ವಾದಶಾಂಗಗಳ ಒಟ್ಟು ಪದಗಳ ಸಂಖ್ಯೆ. ಪೂರ್ಣ ಪದವಾಗದೆ ಉಳಿದ ಶೇಷ 8,01,08,175. ಇವು ಅಂಗಬಾಹ್ಯ ಶ್ರುತದ ಅಕ್ಷರಗಳು. 1359ರಲ್ಲಿ ಕೇಶವವರ್ಣಿಯು ಗೊಮ್ಮಟಸಾರಕ್ಕೆ ‘ಜೀವತತ್ತ್ವಪ್ರದೀಪಿಕೆ’ ಎಂಬ ಕನ್ನಡ ವೃತ್ತಿಯನ್ನು ಬರೆದುದರಿಂದ ಈ ಸಿದ್ಧಾಂತಗಣಿತ ಕನ್ನಡದ ಮೂಲಕವೇ ಮುಂದಿನ ತಲೆಮಾರುಗಳಿಗೆ ಸಾಗಿತು.

ತಾಳೆಗರಿಯಿಂದ ತಾಳೆಗರಿಗೆ ನಕಲಾಗುತ್ತ ಬಂದ ಈ ನಾಲ್ಕು ಸಂಖ್ಯೆಗಳಲ್ಲಿ ಒಂದು ಅಂಕಿ ಕೆಟ್ಟಿದ್ದರೂ ಲೆಕ್ಕ ನಿಲ್ಲುವುದಿಲ್ಲ. ಹಾಗಾದರೆ ಅವು ಸರಿಯಾಗಿಯೇ ಬಂದಿವೆಯೇ? ಇಪ್ಪತ್ತು ಅಂಕಿಗಳ ಭಾಗಾಕಾರವನ್ನು ಪೂರ್ತಿ ಮಾಡಿಯೂ ನೋಡಬಹುದು; ಅದಕ್ಕಿಂತ ಮೊದಲು ಭಾಜಕಗಳ ಗುರುತುಗಳಿಂದ ಪರೀಕ್ಷಿಸಬಹುದು.

ಮೊದಲನೆಯದು ಒಂಬತ್ತರ ಪರೀಕ್ಷೆ. ಒಂದು ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡುತ್ತ ಹೋದರೆ, ಆ ಸಂಖ್ಯೆಯನ್ನು 9ರಿಂದ ಭಾಗಿಸಿದಾಗಿನ ಶೇಷ ತಿಳಿಯುತ್ತದೆ. ಕೊನೆಗೆ 9 ಬಂದರೆ ಶೇಷ ಸೊನ್ನೆ. ಲೆಕ್ಕಗಳ ತಾಳೆ ನೋಡುವ ಈ ಕ್ರಮವನ್ನು ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ವೂ ಹೇಳುತ್ತದೆ. ಸಂಯೋಗಾಕ್ಷರಗಳ ಸಂಖ್ಯೆಯ ಅಂಕಿಗಳ ಮೊತ್ತ 87. ಅದು 15 ಆಗಿ, 6ಕ್ಕೆ ಇಳಿಯುತ್ತದೆ. ಮಧ್ಯಮ ಪದದ್ದು 56, 11, 2. ಪದಗಳ ಸಂಖ್ಯೆಯದು 33, 6. ಶೇಷದ್ದು 30, 3. ಈಗ 2ನ್ನು 6ರಿಂದ ಗುಣಿಸಿದರೆ 12, ಅದು 3. ಅದಕ್ಕೆ ಶೇಷದ 3 ಕೂಡಿದರೆ 6. ಎರಡೂ ಕಡೆ 6, ತಾಳೆಯಾಯಿತು.

ಆದರೆ ಒಂಬತ್ತರ ಪರೀಕ್ಷೆಗೆ ಒಂದು ಕುಂದುಂಟು. ಲಿಪಿಕಾರನು ಎರಡು ಅಂಕಿಗಳ ಸ್ಥಾನವನ್ನು ಅದಲುಬದಲು ಮಾಡಿದರೆ ಅಂಕಿಗಳ ಮೊತ್ತ ಬದಲಾಗದು, ತಪ್ಪೂ ಸಿಕ್ಕಿಬೀಳದು. ಮಧ್ಯಮ ಪದದ ನಡುವಿನ 83 ಎಂಬುದು 38 ಆಗಿದ್ದರೆ ಒಂಬತ್ತರ ಪರೀಕ್ಷೆ ಅದನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಅದಕ್ಕೆ ಹನ್ನೊಂದರ ಪರೀಕ್ಷೆ ಬೇಕು. ಬಲದಿಂದ ಬೆಸ ಸ್ಥಾನಗಳ ಅಂಕಿಗಳನ್ನೂ ಸಮ ಸ್ಥಾನಗಳ ಅಂಕಿಗಳನ್ನೂ ಬೇರೆ ಬೇರೆ ಕೂಡಿ ವ್ಯತ್ಯಾಸ ತೆಗೆಯಬೇಕು. ಮಧ್ಯಮ ಪದದಲ್ಲಿ ಬೆಸ ಸ್ಥಾನಗಳ ಮೊತ್ತ 28, ಸಮ ಸ್ಥಾನಗಳ ಮೊತ್ತವೂ 28. ವ್ಯತ್ಯಾಸ ಸೊನ್ನೆಯಾದುದರಿಂದ ಆ ಸಂಖ್ಯೆ 11ರ ಅಪವರ್ತ್ಯ. 83 ಮತ್ತು 38 ಅದಲುಬದಲಾಗಿದ್ದರೆ ಈ ಗುಣ ತಕ್ಷಣವೇ ಕೆಟ್ಟುಹೋಗುತ್ತಿತ್ತು.

ಇದರಿಂದ ಇನ್ನೊಂದು ತಾಳೆಯೂ ಸಿದ್ಧಿಸುತ್ತದೆ. ಮಧ್ಯಮ ಪದ 11ರ ಅಪವರ್ತ್ಯವಾದ್ದರಿಂದ ಅದನ್ನು ಎಷ್ಟರಿಂದ ಗುಣಿಸಿದರೂ ಫಲ 11ರ ಅಪವರ್ತ್ಯವೇ. ಆದ್ದರಿಂದ ಸಂಯೋಗಾಕ್ಷರಗಳ ಸಂಖ್ಯೆಯನ್ನು 11ರಿಂದ ಭಾಗಿಸಿದಾಗ ಎಷ್ಟು ಉಳಿಯುವುದೋ, ಅಂಗಬಾಹ್ಯದ ಸಂಖ್ಯೆಯನ್ನು ಭಾಗಿಸಿದಾಗಲೂ ಅಷ್ಟೇ ಉಳಿಯಬೇಕು. ಮೊದಲನೆಯದರಲ್ಲಿ 62 ಮತ್ತು 25ರ ವ್ಯತ್ಯಾಸ 37; ಅದರಿಂದ 33 ಹೋದರೆ 4. ಎರಡನೆಯದರಲ್ಲಿ ಬೆಸ ಸ್ಥಾನಗಳು 6, ಸಮ ಸ್ಥಾನಗಳು 24; 6ಕ್ಕೆ ಹನ್ನೊಂದರ ಅಪವರ್ತ್ಯವಾದ 22ನ್ನು ಕೂಡಿಸಿ 24 ಕಳೆದರೆ 4. ಇಲ್ಲಿಯೂ ತಾಳೆ. ಪೂರ್ಣ ಗುಣಾಕಾರ ಮಾಡಿ ನೋಡಿದರೂ ನಾಲ್ಕು ಸಂಖ್ಯೆಗಳು ಒಂದಂಕಿಯ ವ್ಯತ್ಯಾಸವೂ ಇಲ್ಲದೆ ಹೊಂದುತ್ತವೆ. ಸಾವಿರ ವರ್ಷಗಳ ನಕಲುಗಳ ನಡುವೆಯೂ ಲಿಪಿಕಾರರು ಇಪ್ಪತ್ತು ಅಂಕಿಗಳನ್ನು ಕಾಪಾಡಿದ್ದಾರೆ.

ಈ ಶೇಷವು ಏಕೆ ಉಳಿಯಿತು ಎಂಬುದಕ್ಕೂ ಉತ್ತರ ಸರಳವಾಗಿದೆ. ಸಂಯೋಗಾಕ್ಷರಗಳ ಸಂಖ್ಯೆ ಬೆಸ. 2ರ ಘಾತದಿಂದ ಒಂದನ್ನು ಕಳೆದದ್ದು ಬೆಸವಲ್ಲದೆ ಬೇರೆಯಾಗದು. ಮಧ್ಯಮ ಪದದ ಅಕ್ಷರಗಳ ಸಂಖ್ಯೆ ಸಮ. ಸಮಸಂಖ್ಯೆಯು ಬೆಸಸಂಖ್ಯೆಯನ್ನು ಎಂದಿಗೂ ಶೇಷವಿಲ್ಲದೆ ಭಾಗಿಸದು. ಸಮಸ್ತ ಶ್ರುತವು ಪೂರ್ಣ ಪದಗಳಲ್ಲಿ ಅಡಗಿ ಮುಗಿಯದೆ, ಅಂಗಗಳ ಹೊರಗೆ ಒಂದಿಷ್ಟು ಉಳಿಯಲೇಬೇಕೆಂಬುದು ಭಾಗಾಕಾರದ ಮೊದಲ ಸಾಲಿನಲ್ಲಿಯೇ ನಿರ್ಧಾರವಾಗಿದೆ.

ಬಾದಾಲಕ್ಕೆ ಒಂದು ಕೂಡಿದರೆ

ಸಂಯೋಗಾಕ್ಷರಗಳ ಈ ಮಹಾಸಂಖ್ಯೆಯ ಅಪವರ್ತನಗಳನ್ನು ಹುಡುಕುವುದು ಕಷ್ಟವೆಂದು ತೋರಬಹುದು. ಆದರೆ ಭಾರತೀಯ ಗಣಿತ ಅದಕ್ಕೂ ಒಂದು ಉಪಾಯವನ್ನು ಕೊಟ್ಟಿದೆ. ಕೇಶವವರ್ಣಿಯ ವೃತ್ತಿಗೆ ಮೂರೇ ವರ್ಷ ಮೊದಲು, 1356ರಲ್ಲಿ, ನಾರಾಯಣ ಪಂಡಿತನು ‘ಗಣಿತಕೌಮುದಿ’ಯಲ್ಲಿ ಭಾಜಕಗಳನ್ನು ಹುಡುಕುವ ವಿಧಾನಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಕೊಟ್ಟ ಸಂಖ್ಯೆಗೆ ಒಂದು ವರ್ಗವನ್ನು ಕೂಡಿದಾಗ ಇನ್ನೊಂದು ವರ್ಗ ಬರುವಂತಿದ್ದರೆ, ಆ ಎರಡು ವರ್ಗಮೂಲಗಳ ಮೊತ್ತವೂ ವ್ಯತ್ಯಾಸವೂ ಅದರ ಭಾಜಕಗಳು. 2,491ಕ್ಕೆ 9 ಕೂಡಿದರೆ 2,500. ವರ್ಗಮೂಲಗಳು 50 ಮತ್ತು 3. ಭಾಜಕಗಳು 53 ಮತ್ತು 47. ಫ್ರಾನ್ಸಿನ ಫರ್ಮಾ ಇದೇ ಉಪಾಯವನ್ನು ಹೇಳಿದುದು ಹದಿನೇಳನೆಯ ಶತಮಾನದಲ್ಲಿ.

ಈ ಉಪಾಯ ಸಂಯೋಗಾಕ್ಷರಗಳ ಸಂಖ್ಯೆಗೆ ಹೇಳಿಮಾಡಿಸಿದಂತಿದೆ. ಅದಕ್ಕೆ 1 ಎಂಬ ವರ್ಗವನ್ನು ಕೂಡಿದರೆ ಏಕಟ್ಠೀ. ಏಕಟ್ಠೀ ಎಂಬುದು ಬಾದಾಲದ ವರ್ಗ. ಹಾಗಾಗಿ ಬಾದಾಲಕ್ಕೆ ಒಂದು ಕೂಡಿದ ಸಂಖ್ಯೆ, ಒಂದು ಕಳೆದ ಸಂಖ್ಯೆ ಎರಡೂ ಭಾಜಕಗಳು. ಬಾದಾಲ ಪಣ್ಣಟ್ಠೀಯ ವರ್ಗವಾದ್ದರಿಂದ ಒಂದು ಕಳೆದ ಸಂಖ್ಯೆಯನ್ನು ಮತ್ತೆ ಹಾಗೆಯೇ ಒಡೆಯಬಹುದು. ಹೀಗೆ ಇಳಿಯುತ್ತ ಹೋದರೆ ಕೊನೆಗೆ ದೊರೆಯುವ ಭಾಜಕಗಳು 3, 5, 17, 257, 65,537 ಮತ್ತು 4,29,49,67,297.

ಇವುಗಳಲ್ಲಿ ಮೊದಲ ಐದು ಅವಿಭಾಜ್ಯಗಳು. ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳೇ ಆಗಿರಬೇಕೆಂದು ಫರ್ಮಾ ನಂಬಿದ್ದನು. 1732ರಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞ ಆರನೆಯದು ಹಾಗಲ್ಲವೆಂದು ತೋರಿಸಿದನು: 4,29,49,67,297 ಎಂಬುದು 641 ಮತ್ತು 67,00,417ರ ಗುಣಲಬ್ಧ. ಯುರೋಪಿನ ಗಣಿತವನ್ನು ನೂರು ವರ್ಷ ಕಾಡಿದ ಆ ಸಂಖ್ಯೆ, ಜೈನಾಗಮದ ಬಾದಾಲಕ್ಕೆ ಒಂದು ಕೂಡಿದ್ದಷ್ಟೇ. ಇದರಿಂದ ನೇಮಿಚಂದ್ರರಿಗೆ 641 ಗೊತ್ತಿತ್ತೆಂದು ಹೇಳಲಾಗದು. ಹಾಗೆ ಹೇಳಬೇಕಾದ ಅವಶ್ಯಕತೆಯೂ ಇಲ್ಲ. ಶ್ರುತದ ಅಳತೆಯನ್ನು ಅರಿಯಲು ಹೊರಟ ಆಚಾರ್ಯರೂ ಅವಿಭಾಜ್ಯಗಳ ಬೆನ್ನುಹತ್ತಿದ ಪಾಶ್ಚಾತ್ಯರೂ ಬೇರೆ ಬೇರೆ ಕಾರಣಗಳಿಂದ ಒಂದೇ ಸಂಖ್ಯಾಕುಟುಂಬದ ಬಾಗಿಲಿಗೆ ಬಂದರು ಎಂಬುದೇ ಸಾಕಷ್ಟು ಗೌರವದ ಮಾತು.

ಪರೀಕ್ಷೆ ಹೇಳುವುದು, ಹೇಳದಿರುವುದು

ಈಗ ಮತ್ತೆ ಧರಣೇಂದ್ರ ಪಂಡಿತರ ಹಸ್ತಪ್ರತಿಯ ಕಡೆಗೆ ಮರಳಬಹುದು. ಅಪವರ್ತನದ ಪರೀಕ್ಷೆ ಸಿರಿಭೂವಲಯದ ಕಾಲವನ್ನು ನಿರ್ಧರಿಸದು. 64ರ ಎಣಿಕೆ ಒಂಬತ್ತನೆಯ ಶತಮಾನದವನಿಗೂ ತಿಳಿದಿತ್ತು, ಹದಿನಾರನೆಯ ಶತಮಾನದವನಿಗೂ ತಿಳಿದಿತ್ತು. ಕಾಲನಿರ್ಣಯ ಭಾಷೆ, ಛಂದಸ್ಸು, ಲಿಪಿಗಳ ಅಧ್ಯಯನದಿಂದಲೇ ಆಗಬೇಕು. ಗ್ರಂಥದಲ್ಲಿ ಏನೆಲ್ಲ ಅಡಗಿದೆ ಎಂಬ ಹೇಳಿಕೆಗಳನ್ನೂ ಈ ಗಣಿತ ಸಮರ್ಥಿಸದು, ನಿರಾಕರಿಸದು. ಅದು ಚಕ್ರಗಳನ್ನು ಒಂದೊಂದಾಗಿ ಓದಿ ಪದ್ಯ ಬಿಡಿಸಿದವರ ಕೆಲಸದಿಂದ ತಿಳಿಯಬೇಕಾದುದು.

ಆದರೆ ಅದು ಖಚಿತವಾಗಿ ಹೇಳುವ ಸಂಗತಿಗಳೂ ಇವೆ. 27ರ ಬಾಹು ಯಾದೃಚ್ಛಿಕವಲ್ಲ. ಬಂಧಗಳ ಅಗತ್ಯಕ್ಕೆ ತಕ್ಕಂತೆ ಬೆಸವೂ ಸಂಯುಕ್ತವೂ ಆಗಿ ಆಯ್ದ ಸಂಖ್ಯೆ ಅದು. 64 ಧ್ವನಿಗಳು ಕವಿಯ ಕಲ್ಪನೆಯಲ್ಲ. ಧವಲಾ, ಗೊಮ್ಮಟಸಾರ, ಕೇಶವವರ್ಣಿಗಳ ದಾರಿಯಲ್ಲಿ ಬಂದ ಆಗಮದ ಎಣಿಕೆ. ಅಂಕಗಳಲ್ಲಿ ಅಕ್ಷರವನ್ನು ಹುದುಗಿಸುವ ಕವಿಗೆ ಹಿನ್ನೆಲೆಯಾಗಿ, ಹಾರಗಳನ್ನು ಒಡೆದು ನೋಡುತ್ತಿದ್ದ ಮಹಾವೀರಾಚಾರ್ಯರ ನಾಡು ಇತ್ತು. ಈ ಮೂರನ್ನು ಒಪ್ಪಲು ಯಾವ ಅದ್ಭುತವನ್ನೂ ನಂಬಬೇಕಿಲ್ಲ.

ಆದಿತೀರ್ಥಂಕರನು ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂಬ ಕಥೆ ಪುರಾಣಪ್ರಸಿದ್ಧವಾಗಿದೆ. ಕನ್ನಡ ಸಾಹಿತ್ಯದ ಅಧ್ಯಯನ ಬಹುಕಾಲ ಬ್ರಾಹ್ಮಿಯ ಪಾಲನ್ನೇ ಹಿಡಿದು ನಡೆದಿದೆ. ಶಾಸ್ತ್ರಗ್ರಂಥವೊಂದನ್ನು ಸಂಪಾದಿಸುವಾಗ ಪಾಠಾಂತರಗಳಿಗೆ ಕೊಡುವಷ್ಟೇ ಗಮನವನ್ನು ಅದರ ಸಂಖ್ಯೆಗಳಿಗೂ ಕೊಟ್ಟು, ಒಂಬತ್ತರಿಂದಲೂ ಹನ್ನೊಂದರಿಂದಲೂ ಒಮ್ಮೆ ತಾಳೆ ನೋಡಿದರೆ ಎಷ್ಟೋ ಅಚ್ಚಿನ ತಪ್ಪುಗಳು ಅಲ್ಲಿಯೇ ಬಯಲಾಗುತ್ತವೆ. ಬಳೆ ಮಾರಿ ಉಳಿಸಿದ ಹಸ್ತಪ್ರತಿಗೆ ಮುಂದಿನ ತಲೆಮಾರಿನ ಸಂಶೋಧಕರು ಸಲ್ಲಿಸಬೇಕಾದ ಋಣ ಇಂತಹ ತಾಳೆಯಿಂದಲೇ ಮೊದಲಾಗಬೇಕು.